ಭುಜದ ಫಿಸಿಯೋಥೆರಪಿ: ಎಷ್ಟು ನೋವು ತಡೆದುಕೊಳ್ಳಬೇಕು?

ಪ್ರಶ್ನೆ: ನಾನು ಇಳಕಲ್ಲಿನವಳು, ವಯಸ್ಸು 53. ಮನೆಯಲ್ಲಿ ಮಗ್ಗ ಇದೆ, ಕಂಡಿಕೆ ಸುತ್ತುವ ಕೆಲಸ ನನ್ನದು. ಎಂಟು ವರ್ಷದಿಂದ ಶುಗರ್ ಇದೆ. ಐದು ತಿಂಗಳಿಂದ ಬಲ ಭುಜ ಹಿಡಿದುಕೊಂಡಿದೆ. ತಲೆ ಬಾಚಲು, ತಲೆ ಮೇಲೆ ಸೆರಗು ಹೊದೆಯಲು ಆಗುವುದಿಲ್ಲ. ಎಕ್ಸ್-ರೇ ಸರಿ ಇದೆ, ಇದು ಫ್ರೋಜನ್ ಶೋಲ್ಡರ್ ಅಂದರು. ವಾರಕ್ಕೆ ಮೂರು ಸಲ ಫಿಸಿಯೋಥೆರಪಿಗೆ ಹೋಗುತ್ತೇನೆ. ಅಲ್ಲಿ ಕೈ ಹಿಡಿದು ಮೇಲಕ್ಕೆ ಎತ್ತಿದರೆ ಜೀವ ಹೋದಂಗೆ ಆಗುತ್ತದೆ. ಆ ರಾತ್ರಿ ನಿದ್ದೆ ಇಲ್ಲ, ಮರುದಿನವೂ ನೋವು ಇಳಿಯುವುದಿಲ್ಲ. ಎರಡು ಹೆರಿಗೆ ಕಂಡವಳು ನಾನು, ನೋವಿಗೆ ಅಂಜುವವಳಲ್ಲ. ಆದರೆ ಈಗ ಆ ಬಾಗಿಲು ಕಂಡರೇ ಎದೆ ಹೊಡೆದುಕೊಳ್ಳುತ್ತದೆ. ಹೋದ ಎರಡು ವಾರ ಏನೋ ನೆವ ಹೇಳಿ ತಪ್ಪಿಸಿಕೊಂಡೆ. ಮನೆಯವರು ‘ನೋವಾದ್ರನ ಗುಣ ಆಗೋದು, ತಡ್ಕೋ’ ಅನ್ನುತ್ತಾರೆ. ಓಣಿಯವರು ಉಳುಕು ತೆಗೆಯುವವರ ಹತ್ತಿರ ಒಮ್ಮೆ ಜಗ್ಗಿಸಿಬಿಡು ಅನ್ನುತ್ತಾರೆ. ನಿಜಕ್ಕೂ ಇಷ್ಟು ನೋವು ಆಗಲೇಬೇಕಾ? ಬಿಟ್ಟರೆ ಕೈ ಹೀಗೇ ಉಳಿದುಬಿಡುತ್ತದಾ?

ಉತ್ತರ: ಅಕ್ಕಾ, ಇಷ್ಟು ನೋವು ಆಗಬೇಕಿಲ್ಲ. ಬಿಟ್ಟರೆ ಕೈ ಹೀಗೇ ಉಳಿಯುತ್ತದೆ ಅಂತಲೂ ಇಲ್ಲ. ಆದರೂ ಪೂರ್ತಿ ಬಿಡಬೇಡಿ, ಶುಗರ್ ಇರುವವರಂತೂ ಬಿಡಲೇಬಾರದು. ಅಲ್ಲಿಗೆ ಹೋಗಿ, ಆದರೆ ಈಗ ಆಗುತ್ತಿರುವ ರೀತಿ ಬದಲಾಗಬೇಕು. ಅದನ್ನು ಬದಲಾಯಿಸಿಕೊಳ್ಳುವುದು ಹೇಗೆ ಅಂತಲೇ ಈ ಉತ್ತರದ ಬಹುಪಾಲು.

ಮೊದಲು ಒಳಗೆ ಏನಾಗಿದೆ ನೋಡೋಣ. ಭುಜದ ಕೀಲಿನ ಸುತ್ತ ಒಂದು ತೆಳುವಾದ ಪೊರೆ ಇರುತ್ತದೆ. ಕೈ ಮೇಲೆತ್ತಿದಾಗ, ಹಿಂದಕ್ಕೆ ಒಯ್ದಾಗ ಅದು ಬಿಚ್ಚಿಕೊಳ್ಳುತ್ತದೆ, ಇಳಿಸಿದಾಗ ಮಡಿಚಿಕೊಳ್ಳುತ್ತದೆ. ಫ್ರೋಜನ್ ಶೋಲ್ಡರಿನಲ್ಲಿ ಈ ಪೊರೆಗೆ ಉರಿಯೂತ ಬರುತ್ತದೆ. ನಿಧಾನಕ್ಕೆ ಅದು ದಪ್ಪಗಾಗಿ ಕುಗ್ಗುತ್ತದೆ. ಮೂಳೆಗೆ ಏನೂ ಆಗಿರುವುದಿಲ್ಲ, ಅದಕ್ಕೇ ಎಕ್ಸ್-ರೇ ಸರಿ ಕಾಣುವುದು. ಫ್ರೋಜನ್ ಶೋಲ್ಡರ್ ಎಂಬ ಹೆಸರನ್ನು 1934ರಲ್ಲಿ ಬಳಕೆಗೆ ತಂದದ್ದು ಅಮೆರಿಕದ ಸರ್ಜನ್ ಅರ್ನೆಸ್ಟ್ ಕಾಡ್‌ಮನ್. ಇದಕ್ಕೆ ಚಿಕಿತ್ಸೆ ಕೊಡುವುದು ಕಷ್ಟ ಅಂತ ಅವರು ಆಗಲೇ ಬರೆದಿದ್ದರು.

ಇದು ಸಾಮಾನ್ಯವಾಗಿ 40ರಿಂದ 60ರ ವಯಸ್ಸಿನಲ್ಲಿ ಬರುತ್ತದೆ, ಹೆಂಗಸರಲ್ಲಿ ಸ್ವಲ್ಪ ಜಾಸ್ತಿ. ನೂರು ಜನರಲ್ಲಿ 2ರಿಂದ 5 ಮಂದಿಗೆ ಬಂದರೆ, ಶುಗರ್ ಇರುವ ನೂರು ಜನರಲ್ಲಿ 10ರಿಂದ 20 ಮಂದಿಗೆ ಬರುತ್ತದೆ ಅನ್ನುವುದು ಸಾಮಾನ್ಯವಾಗಿ ಹೇಳುವ ಲೆಕ್ಕ. ರಕ್ತದಲ್ಲಿ ಸಕ್ಕರೆ ಬಹಳ ಕಾಲ ಜಾಸ್ತಿ ಇದ್ದರೆ ಅದು ಇಂಥ ಪೊರೆಗಳ ನಾರಿಗೆ ಅಂಟಿಕೊಂಡು ಅದನ್ನು ಗಡಸು ಮಾಡುತ್ತದೆ. ಥೈರಾಯ್ಡ್ ತೊಂದರೆ ಇರುವವರಲ್ಲೂ ಹೆಚ್ಚು ಕಾಣುತ್ತೇವೆ. ಆ ಪರೀಕ್ಷೆ ಮಾಡಿಸಿಲ್ಲದಿದ್ದರೆ ಒಮ್ಮೆ ಮಾಡಿಸಿ.

ಈ ಕಾಯಿಲೆ ಮೂರು ಹಂತದಲ್ಲಿ ಸಾಗುತ್ತದೆ. ಮೊದಲನೆಯದು ನೋವಿನ ಹಂತ, ಸುಮಾರು 2ರಿಂದ 9 ತಿಂಗಳು. ರಾತ್ರಿ ನೋವು ಇದರ ಗುರುತು. ಎರಡನೆಯದು ಬಿಗಿತದ ಹಂತ, 4ರಿಂದ 12 ತಿಂಗಳು. ಆಗ ನೋವು ಇಳಿಯುತ್ತದೆ, ಕೈ ಮಾತ್ರ ಬಾಗುವುದಿಲ್ಲ. ಮೂರನೆಯದು ಸಡಿಲವಾಗುವ ಹಂತ, 5 ತಿಂಗಳಿಂದ 2 ವರ್ಷದವರೆಗೂ ಹೋಗಬಹುದು. ಒಂದು ಮುಗಿದೇ ಇನ್ನೊಂದು ಶುರುವಾಗಬೇಕು ಅಂತೇನಿಲ್ಲ, ಒಂದರೊಳಗೊಂದು ಸೇರಿಕೊಂಡಿರುತ್ತವೆ. ನಿಮಗೆ ಐದು ತಿಂಗಳಾಗಿದೆ, ರಾತ್ರಿ ನೋವು ಇನ್ನೂ ಇದೆ. ನೀವು ಬರೆದದ್ದನ್ನು ನೋಡಿದರೆ ಮೊದಲ ಹಂತ ಮುಗಿದಿಲ್ಲ ಅನಿಸುತ್ತದೆ.

ಎಲ್ಲ ಗೊಂದಲ ಇರುವುದು ಇಲ್ಲೇ. ಬಿಗಿತದ ಹಂತದಲ್ಲಿ ಸ್ವಲ್ಪ ಜೋರಾಗಿ ಹಿಗ್ಗಿಸುವುದಕ್ಕೆ ಅರ್ಥವಿದೆ. ನೋವಿನ ಹಂತದಲ್ಲಿ ಒಳಗಿನ ಪೊರೆ ಇನ್ನೂ ಕೆಂಪಗೆ ಊದಿರುತ್ತದೆ. ಅದನ್ನು ಜಗ್ಗಿದರೆ ಉರಿಯೂತ ಹೆಚ್ಚುತ್ತದೆ, ಬಿಗಿತ ಬಿಡುವುದಿಲ್ಲ. ಹೆಸರು ಒಂದೇ ಕಾಯಿಲೆಯದು, ಚಿಕಿತ್ಸೆ ಮಾತ್ರ ತಿಂಗಳಿಂದ ತಿಂಗಳಿಗೆ ಬೇರೆ. ನಿಮಗೆ ಎರಡನೇ ಹಂತದಲ್ಲಿ ಕೊಡಬೇಕಾದ ಚಿಕಿತ್ಸೆಯನ್ನು ಈಗಲೇ ಕೊಡುತ್ತಿದ್ದಾರೆ ಅಂತ ನನ್ನ ಅನುಮಾನ.

‘ನೋವಾದರೇನೇ ಗುಣ’ ಎಂಬ ಮಾತನ್ನು ನಮ್ಮ ಕಡೆ ರೋಗಿಗಳೂ ನಂಬುತ್ತಾರೆ, ಕೆಲವು ಫಿಸಿಯೋಥೆರಪಿಸ್ಟರೂ ನಂಬುತ್ತಾರೆ. ಅದು ನಿಜವೇ ಅಂತ ನೋಡಲು 2004ರಲ್ಲಿ ನೆದರ್ಲೆಂಡ್ಸಿನ ವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. 77 ರೋಗಿಗಳನ್ನು ಎರಡು ವರ್ಷ ನೋಡಿಕೊಂಡರು. ಒಂದು ಗುಂಪಿಗೆ ನೋವಿನ ಮಿತಿ ದಾಟಿ ಹಿಗ್ಗಿಸುವ ಕಟ್ಟುನಿಟ್ಟಾದ ಫಿಸಿಯೋಥೆರಪಿ. ಇನ್ನೊಂದಕ್ಕೆ ನೋವಿನ ಮಿತಿಯೊಳಗಿನ ಹಗುರ ವ್ಯಾಯಾಮ, ಮನೆಕೆಲಸ, ಜೊತೆಗೆ ಕಾಯಿಲೆ ಏನು ಅಂತ ತಿಳಿಹೇಳುವುದು. ಎರಡು ವರ್ಷದ ಕೊನೆಗೆ ಹಗುರದ ಗುಂಪಿನಲ್ಲಿ ಶೇಕಡಾ 89 ಮಂದಿಯ ಭುಜ ಹೆಚ್ಚುಕಡಿಮೆ ಸರಿಹೋಗಿತ್ತು. ಜೋರಿನ ಗುಂಪಿನಲ್ಲಿ ಶೇಕಡಾ 63. ಇದು ಸಣ್ಣ ಅಧ್ಯಯನ, ಇದೊಂದನ್ನೇ ಹಿಡಿದು ತೀರ್ಮಾನ ಮಾಡಲಾಗದು. ಆದರೆ ಅರಚಿಸಿದಷ್ಟೂ ಒಳ್ಳೆಯದು ಅನ್ನುವವರ ಹತ್ತಿರ ಅದಕ್ಕೆ ಆಧಾರ ಇಲ್ಲ ಅನ್ನಲು ಇಷ್ಟು ಸಾಕು.

ಇನ್ನೊಂದು ವಿಷಯ ಇದೆ, ಇದನ್ನು ನಾನು ಪ್ರತಿ ರೋಗಿಗೂ ಬಿಡಿಸಿ ಹೇಳುತ್ತೇನೆ. ನೋವು ಬರುತ್ತದೆ ಅಂತ ಮೈಗೆ ಮೊದಲೇ ಗೊತ್ತಾದರೆ ಭುಜದ ಸುತ್ತಲಿನ ಸ್ನಾಯುಗಳು ತಾವಾಗಿಯೇ ಬಿಗಿಯುತ್ತವೆ. ನೀವು ಬೇಡ ಅಂದರೂ ಬಿಗಿಯುತ್ತವೆ. ಬಾಗಿಲು ಕಂಡರೆ ಎದೆ ಹೊಡೆದುಕೊಳ್ಳುತ್ತದೆ ಅಂದಿರಲ್ಲ, ಆ ಹೊತ್ತಿಗಾಗಲೇ ನಿಮ್ಮ ಭುಜ ಬಿಗಿದುಕೊಂಡಿದೆ. ಆಗ ಕೈ ಹಿಡಿದು ಎತ್ತುವವರು ಜಗ್ಗುತ್ತಿರುವುದು ಈ ಬಿಗಿದ ಸ್ನಾಯುವನ್ನು, ಒಳಗಿನ ಪೊರೆಯ ತನಕ ಅವರ ಬಲ ಮುಟ್ಟುವುದೇ ಇಲ್ಲ. ನೂಲು ಸಿಕ್ಕಾದಾಗ ಜಗ್ಗಿದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಅಷ್ಟು ನೋವು ತಿಂದ ಮೇಲೂ ಕೈ ಒಂದಿಂಚು ಮೇಲೆ ಹೋಗಲಿಲ್ಲ ಅಂತ ಬೇಜಾರಾಗುತ್ತದೆ. ಹೋಗದಿದ್ದದ್ದು ನೀವು ತಡೆದುಕೊಂಡದ್ದು ಕಡಿಮೆ ಆಗಿ ಅಲ್ಲ.

ಹಾಗಾದರೆ ನೋವೇ ಇಲ್ಲದೆ ಆಗುತ್ತದಾ? ಅದೂ ಇಲ್ಲ. ಸ್ವಲ್ಪ ನೋವು ಬರುತ್ತದೆ, ಬರಲಿ. ಎಷ್ಟು ಅನ್ನುವುದಕ್ಕೆ ನಾನು ಕೊಡುವ ಅಳತೆ ಮರುದಿನದ ಬೆಳಿಗ್ಗೆ. ವ್ಯಾಯಾಮ ಮಾಡುವಾಗ ಹಿಗ್ಗಿದಂತೆ ನೋಯಬಹುದು. ಮುಗಿದ ಮೇಲೆ ಒಂದೆರಡು ತಾಸು ನೋಯಬಹುದು. ಆದರೆ ಮರುದಿನ ಏಳುವ ಹೊತ್ತಿಗೆ ಭುಜ ಮೊದಲಿನ ಸ್ಥಿತಿಗೆ ಬಂದಿರಬೇಕು. ಬಂದಿದ್ದರೆ ಹಿಂದಿನ ದಿನ ಮಾಡಿದ್ದು ಸರಿಯಾಗಿತ್ತು. ರಾತ್ರಿ ನಿದ್ದೆ ಕೆಟ್ಟು, ಮರುದಿನವೂ ನೋವು ಇಳಿಯದಿದ್ದರೆ ಹಿಂದಿನ ದಿನ ಮಾಡಿದ್ದು ಜಾಸ್ತಿಯಾಗಿತ್ತು. ಮುಂದಿನ ಸಲ ಅದರ ಅರ್ಧ ಮಾಡಿ. ಮಾಡುತ್ತಿರುವಾಗಲೂ ಒಂದು ಗುರುತಿದೆ: ಮಾತಾಡುತ್ತಾ ಮಾಡಲು ಆಗಬೇಕು. ಉಸಿರು ಬಿಗಿಹಿಡಿದಿರಿ, ಹಲ್ಲು ಕಚ್ಚಿದಿರಿ ಅಂದರೆ ಮಿತಿ ದಾಟಿತು. ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡು ಅಂದರೆ ನಾಲ್ಕರ ಒಳಗೆ ಇರಲಿ.

ಈಗ ಅತಿ ಮುಖ್ಯ ಕೆಲಸ. ಇದನ್ನು ಅವರಿಗೆ ಹೇಳಬೇಕು. ಹೇಳದೆ ತಪ್ಪಿಸಿಕೊಳ್ಳುತ್ತಿದ್ದೀರಿ. ನೀವೊಬ್ಬರೇ ಅಲ್ಲ, ತುಂಬಾ ಜನ ಹೀಗೇ ಮಾಡುತ್ತಾರೆ. ಡಾಕ್ಟರರಿಗೆ ಎದುರು ಮಾತಾಡಿದಂತಾಗುತ್ತದೆ ಅನ್ನುವ ಸಂಕೋಚ. ಫಿಸಿಯೋಥೆರಪಿಸ್ಟರಿಗೆ ನಿಮ್ಮ ಮರುದಿನ ಕಾಣುವುದಿಲ್ಲ ಅಕ್ಕಾ. ಅವರು ನೋಡಿದ್ದು ಆ ಅರ್ಧ ತಾಸು ಮಾತ್ರ. ನೀವು ಹಲ್ಲು ಕಚ್ಚಿ ಸುಮ್ನೆ ಮಲಗಿದರೆ ತಡೆಯುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಬಾರದೆ ಹೋದರೆ ಸೋಮಾರಿತನ ಅಂದುಕೊಳ್ಳುತ್ತಾರೆ. ಒಳಗೆ ಹೋದ ಕೂಡಲೇ, ಮಲಗುವ ಮೊದಲೇ ಹೀಗೆ ಹೇಳಿ: ‘ಸರ್, ಹ್ವಾದ ಸಲ ಮಾಡಿದ ಮ್ಯಾಲ ಮರುದಿನಾನೂ ನೋವು ಇಳೀಲಿಲ್ರಿ, ರಾತ್ರಿ ನಿದ್ದಿ ಇಲ್ರಿ. ಇವತ್ತ ಹಗೂರ ಮಾಡ್ರಿ. ನಾ ಸಾಕು ಅಂದಕೂಡ್ಲೆ ನಿಲ್ಲಸ್ರಿ.’ ಆಮೇಲೆ ಒಂದು ಪ್ರಶ್ನೆ ಕೇಳಿ: ‘ನನಗ ಈಗ ಯಾವ ಹಂತ ಐತ್ರಿ?’ ಒಳ್ಳೆಯ ಫಿಸಿಯೋಥೆರಪಿಸ್ಟ್ ಇದಕ್ಕೆ ಸಿಟ್ಟಾಗುವುದಿಲ್ಲ. ಅವರಿಗೆ ಬೇಕಾದ ಮಾಹಿತಿಯೇ ಅದು. ಸಾಕು ಅಂದಾಗ ಅವರ ಕೈ ನಿಜವಾಗಿ ನಿಲ್ಲುತ್ತದೆ ಅಂತ ಒಮ್ಮೆ ಗೊತ್ತಾದರೆ ನಿಮ್ಮ ಸ್ನಾಯು ಅರ್ಧ ಸಡಿಲವಾಗುತ್ತದೆ. ಎರಡು ಸಲ ಹೇಳಿದರೂ ಅದೇ ರೀತಿ ಜಗ್ಗಿದರೆ ಬೇರೆಯವರನ್ನು ನೋಡಿ. ಬಾಗಲಕೋಟೆಯಲ್ಲಿ, ವಿಜಯಪುರದಲ್ಲಿ, ಬೆಳಗಾವಿಯಲ್ಲಿ ಮೆಡಿಕಲ್ ಕಾಲೇಜುಗಳಿವೆ, ಅವುಗಳ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಸಿಗುತ್ತದೆ. ವಾರಕ್ಕೆ ಮೂರು ಸಲ ಅಷ್ಟು ದೂರ ಹೋಗಬೇಕಿಲ್ಲ. ಎರಡು ಮೂರು ವಾರಕ್ಕೊಮ್ಮೆ ಹೋಗಿ ತೋರಿಸಿ, ವ್ಯಾಯಾಮ ಕಲಿತು ಬಂದು ಮನೆಯಲ್ಲಿ ಮಾಡಿದರೂ ಆಗುತ್ತದೆ.

ಇನ್ನೊಂದು ಮಾತು, ನೀವು ಬರೆದಿಲ್ಲ, ಆದರೆ ತುಂಬಾ ಹೆಂಗಸರಿಗೆ ಇರುವ ಕಷ್ಟ. ಪರದೆ ಇಲ್ಲದ ಜಾಗ, ಸುತ್ತ ಗಂಡಸರು, ಸೆರಗು ಜಾರುತ್ತದೆ ಅನ್ನುವ ಚಿಂತೆ. ಆ ಚಿಂತೆಯಲ್ಲೇ ಭುಜ ಸೆಟೆದುಕೊಳ್ಳುತ್ತದೆ. ಪರದೆ ಹಾಕಿ ಅಂತ ಕೇಳಿ. ಹೆಣ್ಣುಮಕ್ಕಳು ಇದ್ದರೆ ಅವರ ಹತ್ತಿರವೇ ಮಾಡಿಸಿಕೊಳ್ಳುತ್ತೇನೆ ಅನ್ನಿ. ಮುಂದೆ ಹುಕ್ ಇರುವ ಸಡಿಲ ಕುಪ್ಪಸ ಹಾಕಿಕೊಂಡು ಹೋಗಿ. ಮಗಳನ್ನೋ ಸೊಸೆಯನ್ನೋ ಜೊತೆಗೆ ಕರೆದುಕೊಂಡು ಹೋಗಿ. ಇದರಲ್ಲಿ ಸಂಕೋಚ ಪಡುವುದೇನೂ ಇಲ್ಲ.

ಹೋಗುವ ಮೊದಲು ಮಾಡಿಕೊಳ್ಳಬೇಕಾದ ತಯಾರಿ ಸ್ವಲ್ಪ ಇದೆ. ಭುಜಕ್ಕೆ 15 ನಿಮಿಷ ಶಾಖ ಕೊಡಿ, ಇಲ್ಲವೇ ಬಿಸಿನೀರು ಹಾಕಿಕೊಳ್ಳಿ. ನಿಮಗೆ ಶುಗರ್ ಇರುವುದರಿಂದ ಚರ್ಮಕ್ಕೆ ಬಿಸಿ ಸರಿಯಾಗಿ ತಿಳಿಯದೆ ಹೋಗಬಹುದು. ಬಿಸಿನೀರಿನ ಚೀಲವನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ, ಮನೆಯಲ್ಲಿ ಬೇರೆ ಯಾರಾದರೂ ಮುಟ್ಟಿ ನೋಡಲಿ. ನೋವಿನ ಮಾತ್ರೆಯನ್ನು ಚಿಕಿತ್ಸೆ ಮುಗಿದು ನರಳುವಾಗ ನುಂಗುವುದಕ್ಕಿಂತ ಮುಕ್ಕಾಲು ತಾಸು ಮೊದಲೇ ತೆಗೆದುಕೊಂಡರೆ ಉಪಯೋಗ ಜಾಸ್ತಿ. ಪ್ಯಾರಾಸಿಟಮಾಲ್ ನಿಮಗೆ ಎಷ್ಟು ಅಂತ ಡಾಕ್ಟರರನ್ನು ಕೇಳಿ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಥರದ ಮಾತ್ರೆಗಳನ್ನು ಮೆಡಿಕಲ್ ಶಾಪಿನಿಂದ ಸುಮ್ನೆ ತಂದು ತಿಂಗಳುಗಟ್ಟಲೆ ನುಂಗಬೇಡಿ. ಶುಗರ್ ಇರುವವರ ಕಿಡ್ನಿಗೆ ಅವು ಪೆಟ್ಟು ಕೊಡುತ್ತವೆ. ಹೆಸರಿಲ್ಲದ ಮಾತ್ರೆಗಳನ್ನು ಪೊಟ್ಟಣ ಕಟ್ಟಿ ಕೊಟ್ಟರೆ ಬೇಡವೇ ಬೇಡ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ನೋವು ಮಾಯವಾಗಿ ಶುಗರ್ ಏರುತ್ತದೆ.

ಕೈ ಎತ್ತುವ ಹೊತ್ತಿಗೆ ಉದ್ದಕ್ಕೆ ಉಸಿರು ಬಿಡಿ. ಎಳೆದುಕೊಳ್ಳುವಾಗ ಕೈ ನಿಲ್ಲಲಿ, ಬಿಡುವಾಗ ಮುಂದೆ ಸಾಗಲಿ. ಇದು ಸಣ್ಣ ವಿಷಯ ಅನಿಸುತ್ತದೆ, ಆದರೆ ಬಿಗಿದ ಸ್ನಾಯು ಸಡಿಲವಾಗುವುದು ಉಸಿರು ಬಿಡುವಾಗಲೇ. ಕರೆಂಟ್ ಹಚ್ಚುವ ಮಷೀನು ಸ್ವಲ್ಪ ಹೊತ್ತು ನೋವು ತಗ್ಗಿಸುತ್ತದೆ, ಕೀಲನ್ನು ಬಿಚ್ಚುವುದಿಲ್ಲ. ಅದೇ ಚಿಕಿತ್ಸೆ, ವ್ಯಾಯಾಮ ಬರೀ ಹೆಚ್ಚಿಗೆಯದು ಅಂತ ತಿಳಿಯಬೇಡಿ.

ಮನೆಯಲ್ಲಿ ಈಗ ಮಾಡಬೇಕಾದದ್ದು ಮೂರೇ ವ್ಯಾಯಾಮ. ಒಂದು, ಎಡಗೈಯನ್ನು ಟೇಬಲ್ ಮೇಲೋ ಕಟ್ಟೆ ಮೇಲೋ ಊರಿ ಮುಂದಕ್ಕೆ ಬಾಗಿ. ಬಲಗೈ ಸಡಿಲವಾಗಿ ಜೋತು ಬೀಳಲಿ. ಮೈಯನ್ನು ಹಿಂದೆ ಮುಂದೆ ತೂಗಿ, ಕೈ ತಾನಾಗಿ ತೂಗುತ್ತದೆ. ಒಂದೆರಡು ನಿಮಿಷ ಸಾಕು. ಇದಕ್ಕೆ ಕಾಡ್‌ಮನ್ ಅವರ ಹೆಸರೇ ಇದೆ. ಎರಡು, ಟೇಬಲ್ ಮುಂದೆ ಕುಳಿತು ಒಂದು ಬಟ್ಟೆಯ ಮೇಲೆ ಅಂಗೈ ಇಟ್ಟು ಮುಂದಕ್ಕೆ ಜಾರಿಸಿ, ಹಿಂದಕ್ಕೆ ತನ್ನಿ. ಹತ್ತು ಸಲ. ಮೂರು, ಬಲ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಒಂದು ಕೋಲು ಅಡ್ಡ ಹಿಡಿಯಿರಿ. ಎಡಗೈಯಿಂದ ಕೋಲನ್ನು ದೂಡಿದರೆ ಬಲಗೈ ಹೊರಕ್ಕೆ ತಿರುಗುತ್ತದೆ. ಐದು ಎಣಿಸುವ ತನಕ ನಿಲ್ಲಿಸಿ, ಹತ್ತು ಸಲ. ಮೂರರಲ್ಲಿ ಇದೇ ಮುಖ್ಯ, ಯಾಕೆಂದರೆ ಫ್ರೋಜನ್ ಶೋಲ್ಡರಿನಲ್ಲಿ ಹೆಚ್ಚು ಕಳೆದುಹೋಗುವುದು ಈ ಹೊರಗೆ ತಿರುಗುವ ಚಲನೆ. ಇವನ್ನು ದಿನಕ್ಕೆ ಮೂರು ನಾಲ್ಕು ಸಲ, ಐದೈದು ನಿಮಿಷ ಮಾಡಿ. ಒಂದೇ ಸಲ ಅರ್ಧ ತಾಸು ಬೇಡ. ಬೆನ್ನ ಹಿಂದೆ ಟವೆಲ್ ಹಿಡಿದು ಎಳೆಯುವುದು, ಬಾಗಿಲಿಗೆ ಹಗ್ಗ ಕಟ್ಟಿ ಜಗ್ಗುವುದು ಇವೆಲ್ಲ ರಾತ್ರಿ ನೋವು ನಿಂತ ಮೇಲೆ.

ಮುಂದಕ್ಕೆ ಹೋಗುತ್ತಿದ್ದೀರಾ ಅಂತ ನೋವಿನಿಂದ ಗೊತ್ತಾಗುವುದಿಲ್ಲ, ಅಳೆಯಬೇಕು. ಎರಡು ವಾರಕ್ಕೊಮ್ಮೆ ಮೊಣಕೈ ಪಕ್ಕೆಗೆ ಇಟ್ಟು ಕೈ ಹೊರಗೆ ತಿರುಗಿಸಿ ನಿಲ್ಲಿ, ಮಗಳು ಮೊಬೈಲಿನಲ್ಲಿ ಫೋಟೋ ತೆಗೆಯಲಿ. ಗೋಡೆಯ ಮೇಲೆ ಬೆರಳು ಎಲ್ಲಿಯ ತನಕ ಏರುತ್ತದೆ ಅಂತ ಪೆನ್ಸಿಲಿನಲ್ಲಿ ಗೀಟು ಹಾಕಿ. ಈ ಕಾಯಿಲೆಯಲ್ಲಿ ದಿನದಿನಕ್ಕೆ ಫರಕು ಕಾಣುವುದಿಲ್ಲ, ತಿಂಗಳಿಗೆ ಕಾಣುತ್ತದೆ.

ರೊಟ್ಟಿ ಬಡಿಯುವುದನ್ನು ನಿಲ್ಲಿಸಬೇಕಾ ಅಂತ ಕೇಳುವವರು ಬಹಳ. ಬೇಡ. ಹಿಟ್ಟು ನಾದುವುದು, ಬಡಿಯುವುದು ಭುಜಕ್ಕಿಂತ ಕೆಳಗಿನ ಕೆಲಸ. ಮೈಗೆ ಹತ್ತಿರ ಇಟ್ಟುಕೊಂಡು ನಾಲ್ಕೈದು ಬಡಿದರೆ ಕೈಗೆ ಒಳ್ಳೆಯದೇ. ಮದುವೆ ಮನೆಗೆ ಅಂತ ಖಡಕ್ ರೊಟ್ಟಿ ನೂರಾರು ಬಡಿಯುವುದನ್ನು ಮಾತ್ರ ಈ ವರ್ಷ ಬೇರೆಯವರಿಗೆ ಬಿಡಿ. ಕಂಡಿಕೆ ಸುತ್ತುವಾಗ ರಾಟಿಯನ್ನು ಹತ್ತಿರ ಎಳೆದುಕೊಳ್ಳಿ, ಮೊಣಕೈ ಪಕ್ಕೆ ಬಿಟ್ಟು ದೂರ ಚಾಚದಿರಲಿ. ಅರ್ಧ ತಾಸಿಗೊಮ್ಮೆ ಎದ್ದು ಕೈ ತೂಗಿ. ತುಂಬಿದ ಕೊಡ ಎತ್ತುವುದು, ಎತ್ತರದ ತಂತಿಗೆ ಬಟ್ಟೆ ಒಣಹಾಕುವುದು, ಮೇಲಿನ ಗೂಡಿಗೆ ಕೈ ಹಾಕುವುದು ಸದ್ಯಕ್ಕೆ ಬೇಡ. ಕೈಯನ್ನು ಜೋಳಿಗೆ ಕಟ್ಟಿ ಇಟ್ಟುಕೊಳ್ಳುವುದೂ ಬೇಡ.

ರಾತ್ರಿಗೆ: ಎಡ ಮಗ್ಗುಲಾಗಿ ಮಲಗಿ ಎದೆಯ ಮುಂದೆ ಒಂದು ದಿಂಬು ಇಟ್ಟು ಬಲಗೈಯನ್ನು ಅದರ ಮೇಲೆ ಇಡಿ. ಅಂಗಾತ ಮಲಗಿದರೆ ಮೊಣಕೈ ಕೆಳಗೆ ಮಡಿಚಿದ ಟವೆಲ್ ಇಡಿ, ಕೈ ಹಿಂದಕ್ಕೆ ಜೋತು ಬೀಳುವುದು ತಪ್ಪುತ್ತದೆ. ನಿದ್ದೆ ಬಂದರೆ ಮರುದಿನದ ನೋವು ಕಡಿಮೆ. ನಿದ್ದೆಗೆಟ್ಟ ಮೈಗೆ ಅದೇ ನೋವು ದೊಡ್ಡದಾಗಿ ಕಾಣುತ್ತದೆ.

ಇಷ್ಟೆಲ್ಲ ಮಾಡಿದರೂ ರಾತ್ರಿ ನೋವು ತಡೆಯಲಾಗದಿದ್ದರೆ ಕೀಲಿನೊಳಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವ ಬಗ್ಗೆ ಮೂಳೆ ಡಾಕ್ಟರರನ್ನು ಕೇಳಿ. ನೋವಿನ ಹಂತದಲ್ಲಿ ಅದು ಕೆಲವು ವಾರ ಒಳ್ಳೆಯ ಆರಾಮ ಕೊಡುತ್ತದೆ, ಆ ಅವಧಿಯಲ್ಲಿ ವ್ಯಾಯಾಮ ಸುಲಭವಾಗುತ್ತದೆ. ಶುಗರ್ ಕೆಲವು ದಿನ ಏರುತ್ತದೆ. ಅದಕ್ಕೆ ನಿಮ್ಮ ಶುಗರ್ ಡಾಕ್ಟರರಿಗೆ ಮೊದಲೇ ತಿಳಿಸಿ, ಆ ವಾರ ದಿನಾ ಪರೀಕ್ಷಿಸಿ. ಅರಿವಳಿಕೆ ಕೊಟ್ಟು ಕೈ ಬಿಡಿಸುವುದು, ದುರ್ಬೀನಿನ ಆಪರೇಷನ್ ಇವೂ ಇವೆ. 2020ರಲ್ಲಿ ಬ್ರಿಟನ್ನಿನಲ್ಲಿ 503 ಜನರ ಮೇಲೆ ಮಾಡಿದ ದೊಡ್ಡ ಅಧ್ಯಯನದಲ್ಲಿ ಈ ಎರಡನ್ನೂ, ಇಂಜೆಕ್ಷನ್ ಜೊತೆಗಿನ ಫಿಸಿಯೋಥೆರಪಿಯನ್ನೂ ಹೋಲಿಸಿ ನೋಡಿದರು. ವರ್ಷದ ಕೊನೆಗೆ ಮೂರೂ ಗುಂಪಿನವರು ಸುಧಾರಿಸಿದ್ದರು, ರೋಗಿಗೆ ಗೊತ್ತಾಗುವಷ್ಟು ದೊಡ್ಡ ವ್ಯತ್ಯಾಸ ಇರಲಿಲ್ಲ. ಆದ್ದರಿಂದ ಆಪರೇಷನ್ನಿಗೆ ಅವಸರ ಬೇಡ.

ಉಳುಕು ತೆಗೆಯುವವರ ಬಗ್ಗೆ ಕಟ್ಟುನಿಟ್ಟಾಗಿ ಹೇಳುತ್ತೇನೆ: ಹೋಗಬೇಡಿ. ಇದು ಉಳುಕಲ್ಲ, ಕೀಲು ಜಾರಿಲ್ಲ, ಜಾಗಕ್ಕೆ ಕೂರಿಸಲು ಏನೂ ಇಲ್ಲ. ಮುಟ್ಟು ನಿಂತ ವಯಸ್ಸಿನಲ್ಲಿ ಮೂಳೆ ಸವೆದಿರಬಹುದು. ಒಮ್ಮೆಲೇ ಜಗ್ಗಿದರೆ ತೋಳಿನ ಮೂಳೆ ಮುರಿಯಬಹುದು. ಆಸ್ಪತ್ರೆಯಲ್ಲಿ ಅರಿವಳಿಕೆ ಕೊಟ್ಟು ಮಾಡುವಾಗಲೂ ಈ ಭಯ ಇದ್ದೇ ಇರುತ್ತದೆ, ಅಷ್ಟು ಎಚ್ಚರದಿಂದ ಮಾಡುವ ಕೆಲಸ ಅದು.

ನಿಮ್ಮ ಮನೆಯವರಿಗೆ ಈ ಉತ್ತರ ಓದಿಸಿ. ‘ತಡ್ಕೋ’ ಅನ್ನುವುದು ಕಾಳಜಿಯಿಂದಲೇ, ನನಗೆ ಗೊತ್ತು. ಅದರ ಬದಲು ಅವರು ಮಾಡಬಹುದಾದದ್ದು ಇದೆ. ದಿನಾ ವ್ಯಾಯಾಮದ ಹೊತ್ತಿಗೆ ಆ ಐದು ನಿಮಿಷ ರಾಟಿ ಅವರು ನೋಡಿಕೊಳ್ಳಲಿ. ಕೊಡ ಅವರು ಎತ್ತಲಿ. ಬೆಳಿಗ್ಗೆ ಎದ್ದು ‘ನಿನ್ನೆಗಿಂತ ಹೆಂಗೈತಿ’ ಅಂತ ಕೇಳಲಿ.

ಶುಗರ್ ಹಿಡಿತಕ್ಕೆ ತರುವುದೂ ಭುಜದ ಚಿಕಿತ್ಸೆಯೇ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಸಾಮಾನ್ಯವಾಗಿ 7ರ ಒಳಗೆ ಇರಲಿ ಅನ್ನುತ್ತೇವೆ, ನಿಮಗೆ ಎಷ್ಟು ಅಂತ ನಿಮ್ಮ ಡಾಕ್ಟರ್ ಹೇಳುತ್ತಾರೆ. ಬಾಗಲಕೋಟೆಗೆ ಹೋಗುವ ದಾರಿಯಲ್ಲಿ ಅಮೀನಗಡದ ಕರದಂಟು ಬಿಡುವುದು ಕಷ್ಟ. ಆದರೂ ಬಿಡಿ.

ಕೆಲವು ಲಕ್ಷಣ ಕಂಡರೆ ಫಿಸಿಯೋಥೆರಪಿಗೆ ಕಾಯಬೇಡಿ, ನೇರ ಡಾಕ್ಟರರ ಹತ್ತಿರ ಹೋಗಿ. ಜ್ವರ ಬಂದು ಭುಜ ಕೆಂಪಾಗಿ ಬಿಸಿಯಾದರೆ, ಬಿದ್ದ ಮೇಲೆ ಕೈ ಎತ್ತಲಾಗದಿದ್ದರೆ, ಕೈಬೆರಳು ಜೋಮು ಹಿಡಿದು ಬಲ ಕುಂದಿದರೆ, ಕಾರಣವಿಲ್ಲದೆ ತೂಕ ಇಳಿದರೆ. ಭುಜದ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರುಕಟ್ಟು ಬಂದರೆ ಅದು ಹೃದಯದ್ದಿರಬಹುದು, ಶುಗರ್ ಇರುವವರು ಇದನ್ನು ಒಂದು ನಿಮಿಷವೂ ಮುಂದೂಡಬಾರದು. 108ಕ್ಕೆ ಕರೆ ಮಾಡಿ.

ನಿಮ್ಮ ಎರಡನೇ ಪ್ರಶ್ನೆ ಬಾಕಿ ಇದೆ. ಹೆಚ್ಚಿನವರ ಭುಜ ಒಂದರಿಂದ ಮೂರು ವರ್ಷದೊಳಗೆ ಕೆಲಸಕ್ಕೆ ಸಾಕಾಗುವಷ್ಟು ಬಿಡುತ್ತದೆ. ಕೆಲವರಿಗೆ, ಅದರಲ್ಲೂ ಶುಗರ್ ಇರುವವರಿಗೆ, ಕೊನೆಯ ಸ್ವಲ್ಪ ಬಿಗಿತ ಉಳಿಯಬಹುದು. ತಲೆ ಬಾಚುವುದು, ಸೆರಗು ಹೊದೆಯುವುದು ಮತ್ತೆ ಆಗುತ್ತದೆ ಅಂತ ನಂಬಿಕೊಳ್ಳಲು ಒಳ್ಳೆಯ ಕಾರಣ ಇದೆ. ತಪ್ಪಿಹೋದ ಎರಡು ವಾರದಿಂದ ಏನೂ ಕೆಟ್ಟಿಲ್ಲ. ಇವತ್ತಿನಿಂದ ಕೈ ತೂಗುವ ವ್ಯಾಯಾಮ ಶುರುಮಾಡಿ, ಮುಂದಿನ ವಾರ ಹೋಗಿ ಮಾತಾಡಿ. ಎಡ ಭುಜದ ಮೇಲೂ ಒಂದು ಕಣ್ಣಿರಲಿ. ಶುಗರ್ ಇರುವವರಲ್ಲಿ ಮುಂದೆ ಆ ಕಡೆಯೂ ಬರುವುದುಂಟು. ಅಲ್ಲಿ ರಾತ್ರಿ ನೋವು ಶುರುವಾದರೆ ಐದು ತಿಂಗಳು ಕಾಯದೆ ಮೊದಲ ವಾರಗಳಲ್ಲೇ ತೋರಿಸಿ, ಇಂಜೆಕ್ಷನ್ನಿನಿಂದ ಹೆಚ್ಚು ಉಪಯೋಗ ಆಗುವುದು ಆಗಲೇ.